ಸೈನ್ಯಕ್ಕೆ ಒಂದೇ ಪಂಕ್ತಿ

ಒಂದು ಸಲಹೆ ಕೊಟ್ಟಿದ್ದಕ್ಕೆ ನನಗೆ ಎರಡು ದೊಡ್ಡ ಟೆಂಟುಗಳ ವ್ಯಾಪಾರ ಹೋಯಿತು. ಮೂರು ಬೇಕೆಂದು ಬಂದ ಗಿರಾಕಿಗೆ ಒಂದು ಸಾಕು ಎಂದವನು ನಾನೇ. ಮೂರನ್ನೂ ತಗುಲಿಸಿದ್ದರೆ ಅವರ ಕೆಲಸ ಕೆಡುತ್ತಿತ್ತು. ಕೆಲಸ ಕೆಟ್ಟ ಗಿರಾಕಿ ಮತ್ತೆ ನಮ್ಮ ಬಾಗಿಲಿಗೆ ಬರುವುದಿಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ಸಿಡ್ನಿಯ ಟೂಂಗಾಬಿಯಲ್ಲಿ ಮದುವೆ, ನಾಮಕರಣಗಳಿಗೆ ಟೆಂಟು, ಪಾತ್ರೆ ಬಾಡಿಗೆ ಕೊಡುವ ಅಂಗಡಿ ನನ್ನದು; ಊರಲ್ಲಾಗಿದ್ದರೆ ಶಾಮಿಯಾನದವನು ಅನ್ನುತ್ತಿದ್ದರು. ಮಾರಾಟಕ್ಕೆ ಟೆಂಟು ಹೊಲಿಸುವ ಶೆಡ್ ಮೆಲ್ಬರ್ನಿನ ವೆರಿಬೀಯಲ್ಲಿತ್ತು. ಅದನ್ನು ಮಂಗಳೂರು ಕಡೆಯ ನನ್ನ ಪಾರ್ಟ್‌ನರ್ ನೋಡಿಕೊಳ್ಳುತ್ತಿದ್ದರು.

ಬಂದವರು ಒಂದು ಪುಟ್ಟ ದ್ವೀಪದೇಶದ ಮೇಜರ್. ಅಲ್ಲಿ ಸೈನ್ಯವನ್ನು ಅರ್ಧಕ್ಕರ್ಧ ಕಡಿಮೆ ಮಾಡಿ, ಉಳಿದವರನ್ನು ಹೊಸದಾಗಿ ತಿದ್ದುತ್ತಿದ್ದರು. ಹಾಗಿದ್ದೂ ಪರದೇಶದ ಶಾಂತಿಪಾಲನೆಗೆ ಒಂದು ತುಕಡಿ ಕಳಿಸುವುದಾಗಿ ಮಾತು ಕೊಟ್ಟಾಗಿತ್ತು. ಹೊರಡುವ ಮುನ್ನ ಸಾಮಾನಿನ ತಪಾಸಣೆ. ಊಟದ ವ್ಯವಸ್ಥೆ, ನೀರಿನ ವ್ಯವಸ್ಥೆ ಎರಡೂ ಸ್ವಂತದ್ದಿರಬೇಕು; ಒಂದು ಕಡಿಮೆಯಾದರೂ ತುಕಡಿ ಹೊರಡುವಂತಿಲ್ಲ, ದೇಶದ ಮಾತು ಹೋಗುತ್ತದೆ. ಅಧಿಕಾರಿಗಳಿಗೊಂದು, ಸಾರ್ಜೆಂಟ್‌ಗಳಿಗೊಂದು, ಜವಾನರಿಗೊಂದು ಎಂದು ಊಟದ ಟೆಂಟು ಮೂರು ತಗೊಂಡರೆ ನೀರು ಶುದ್ಧ ಮಾಡುವ ಯಂತ್ರಕ್ಕೆ ಕಾಸಿಲ್ಲ. ಅದಕ್ಕೇ ದರ ಇಳಿಸಿ ಅಂತ ಪಟ್ಟು ಹಿಡಿದು ಕೂತಿದ್ದರು.

"ದರ ಇಳಿಯಲ್ಲ ಸರ್, ಟೆಂಟು ಇಳಿಸಿ," ಅಂದೆ. "ಮೂರು ಯಾಕೆ?"

ತಮ್ಮಲ್ಲಿ ಮೊದಲಿಂದಲೂ ಹಾಗೇ ಎಂದರು.

"ನಮ್ಮೂರ ಮದುವೆಗಳಲ್ಲೂ ಮೊದಲಿಂದ ಹಾಗೇ ಇತ್ತು. ಕೆಲವರಿಗೆ ಒಳಗೆ ಪಂಕ್ತಿ, ಕೆಲವರಿಗೆ ಹೊರಗೆ. ನಮ್ಮಪ್ಪ ಹೊರಗೆ ಕೂತು ಉಂಡವರು. ನನ್ನ ಟೆಂಟಲ್ಲಿ ಎಲ್ಲರಿಗೂ ಒಂದೇ ಪಂಕ್ತಿ. ಜಾಗ ಸಾಲದಿದ್ದರೆ ಎರಡನೇ ಬ್ಯಾಚ್."

ಒಮ್ಮೆ ಕೂತು ಉಂಡು ನೋಡಿ, ಆಮೇಲೆ ಹೇಳಿ ಎಂದು ಮೇಜರನ್ನು ವೆರಿಬೀಗೆ ಕರೆದೆ. ಪಾರ್ಟ್‌ನರ್‌ಗೆ ಫೋನ್ ಮಾಡಿದರೆ ಅವರು ಉರಿದುಬಿದ್ದರು.

"ಎಂತ ಮಾರಾಯ್ರೆ ನೀವು? ಮೂರು ಕೇಳಿದವರಿಗೆ ಒಂದು ಸಾಕು ಹೇಳುವುದಾ? ಇನ್ನು ಊಟ ಸಹ ನಾವೇ ಹಾಕಬೇಕಾ?"

ಬೈದರೂ ಮನೆಯಲ್ಲಿ ಮೀನುಸಾರು ಮಾಡಿಸಿದ್ದರು.

ಮೇಜರ್ ಒಬ್ಬ ಸಾರ್ಜೆಂಟ್ ಜೊತೆ ಬಂದರು. ಟೆಂಟು ನಿಲ್ಲಿಸಿ ಮೇಜು ಹಾಕಿದೆವು. ಸಾರ್ಜೆಂಟ್ ತಟ್ಟೆ ಹಿಡಿದು, ಯಾರೂ ಹೇಳದೆಯೇ, ಹೊರಗೆ ಗಾಳಿಗೆ ಹೋಗಿ ನಿಂತ. ಮೇಜರ್ ತುತ್ತೆತ್ತಿದವರು ಕೆಳಗಿಟ್ಟು ಅವನನ್ನೇ ನೋಡಿದರು. ಆಮೇಲೆ ಪಕ್ಕದ ಕುರ್ಚಿ ಎಳೆದು ಅವನನ್ನು ಒಳಗೆ ಕರೆದರು. ಮೊದಲು ಇಬ್ಬರೂ ಬಿಗಿಯಾಗಿ ಕೂತಿದ್ದರು. ಎರಡನೇ ಸಲ ಸಾರು ಬಡಿಸುವ ಹೊತ್ತಿಗೆ ಖಾರ ಹೆಚ್ಚೋ ಕಡಿಮೆಯೋ ಎಂದು ವಾದ ನಡೆದಿತ್ತು.

ಕೈ ತೊಳೆದುಕೊಂಡು ಬಂದ ಮೇಜರ್, "ಒಂದೇ ಬರೆದುಕೊಳ್ಳಿ," ಎಂದರು.

ಉಳಿದ ಹಣದಲ್ಲಿ ನೀರಿನ ಯಂತ್ರ ಬಂತು, ತಪಾಸಣೆ ದಾಟಿತು, ತುಕಡಿ ಮಾತು ಕೊಟ್ಟ ದಿನವೇ ಹೊರಟಿತು. ಮುಂದಿನ ತುಕಡಿಯ ಟೆಂಟೂ ನಮ್ಮಲ್ಲೇ. ಆಗಲೂ ದರ ಇಳಿಸಿ ಅಂದರು, ಆಗಲೂ ಇಳಿಸಲಿಲ್ಲ.

ನೀವು ಮಾರುವವರಾದರೆ, ಗಿರಾಕಿ ಚೌಕಾಸಿ ಶುರು ಮಾಡಿದಾಗ ದರಕ್ಕೆ ಕೈ ಹಾಕಬೇಡಿ; ಇಷ್ಟೊಂದು ಯಾಕೆ ಎಂದು ಮೊದಲು ಕೇಳಿ. ಕೊಳ್ಳುವವರಾದರೆ ಟೆಂಟನ್ನು ನಿಲ್ಲಿಸಿ, ಒಳಗೆ ನಿಮ್ಮವರ ಜೊತೆ ಕೂತು ಒಂದು ಹೊತ್ತು ಉಂಡು, ಆಮೇಲೆ ಅಡ್ವಾನ್ಸ್ ಕೊಡಿ. ಯಾರಾದರೂ ತಟ್ಟೆ ಹಿಡಿದು ಹೊರಗೆ ನಿಂತರೆ, ಇನ್ನೊಂದು ಟೆಂಟು ಕೊಳ್ಳುವ ಮೊದಲು ಅವರಿಗೊಂದು ಕುರ್ಚಿ ಹಾಕಿ ನೋಡಿ.