ಹೊತ್ತು ಮುಳುಗುವ ಮೊದಲು

ಸುನಂದಾ ಮಾವಶಿ ತಾಟಿನ ಮುಂದೆ ಕೂರುವ ಮೊದಲು ಕಿಟಕಿಯ ಕಡೆ ನೋಡುತ್ತಿದ್ದಳು. ಗೋಡೆಯ ಮೇಲೆ ಗಡಿಯಾರವಿತ್ತು, ಕೈಯಲ್ಲಿ ಮೊಬೈಲೂ ಇತ್ತು. ಅವಳಿಗೆ ಎರಡರ ಮೇಲೂ ಭರವಸೆ ಇರಲಿಲ್ಲ. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣದವರು ಈಗಲೂ ಇದ್ದಾರೆ. ಆದರೆ ಮಾವಶಿಯಷ್ಟು ಹಟದವರನ್ನು ನಾನು ಕಂಡಿಲ್ಲ. ಅವಳು ನನ್ನ ಅವ್ವನ ತಂಗಿ. ಖಾನಾಪುರದಲ್ಲಿ ಅವಳ ಗಂಡ ಕಾಕಾನ ಕಿರಾಣಿ ಅಂಗಡಿಯ ಹಿಂದೆಯೇ ಅವರ ಮನೆ.

ಎದೆಯಲ್ಲಿ ಗಂಟು ಕಾಣಿಸಿ, ಬೆಳಗಾವಿಯ ಡಾಕ್ಟರು ಅದು ಕ್ಯಾನ್ಸರ್ ಎಂದ ದಿನ ಕಾಕಾ ಆ ಹೆಸರನ್ನೇ ಎತ್ತಲಿಲ್ಲ. ನಾವೆಲ್ಲ ಅಡುಗೆಮನೆ ಸೇರಿ ಪಿಸುಗುಟ್ಟುತ್ತಿದ್ದೆವು. ಮಾವಶಿ ಬಾಗಿಲಿಗೆ ಬಂದು ನಿಂತಳು.

"ನನಗ ಕ್ಯಾನ್ಸರ್ ಆಗೇತಿ. ಹೆಸರು ತಗದ್ರ ನಿಮಗೇನು ಹತ್ತೂದಿಲ್ಲ. ಚಾ ಉಕ್ಕಾಕತ್ತೇತಿ, ಮೊದಲ ಅದನ್ನ ನೋಡ್ರಿ."

ಕೀಮೋ ಶುರುವಾದ ಮೇಲೆ ಅವಳನ್ನು ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಗೆ ಕರೆತಂದೆ. ತೂಕ ಇಳಿದರೆ ಮುಂದಿನ ಕೀಮೋ ಕೊಡಲಾಗುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಮುಂಜಾನೆಯೆಲ್ಲ ವಾಂತಿ. ಸಂಜೆಯ ಹೊತ್ತಿಗಷ್ಟೇ ತುಸು ಹಸಿವು. ಸರಿಯಾಗಿ ಆಗಲೇ ಮಾತಾಡಿಸುವವರು ಬರುತ್ತಿದ್ದರು. ಕೈಯಲ್ಲಿ ಬಿಸ್ಕಿಟು ಪುಡಿಕೆ, ಬಾಯಲ್ಲಿ ಇದೇ ರೋಗದಿಂದ ಸತ್ತವರ ಕತೆ. ಬಂದವರನ್ನು ಕೂರಿಸಿಕೊಂಡು ತಾನೊಬ್ಬಳೇ ಉಣ್ಣುವುದು ಮಾವಶಿಯಿಂದ ಆಗದ ಮಾತು. ಅವರು ಏಳುವಷ್ಟರಲ್ಲಿ ಹೊರಗೆ ಕತ್ತಲಾಗಿರುತ್ತಿತ್ತು, ಅವಳು ತಾಟು ಸರಿಸಿಬಿಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ಒಬ್ಬರು, "ಲೋಂಡಾದಾಗ ಒಬ್ಬಾವ ಬೇರು ಕೊಡ್ತಾನ್ರಿ, ತೇದು ಕುಡದ್ರ ಗಂಟು ಕರಗತೈತಿ" ಎಂದರು.

"ಬೇರು? ನಾ ನೆಲದಾಗ ಬೆಳೆಯೋ ಉಳ್ಳಾಗಡ್ಡಿನೂ ತಿನ್ನಾಂಗಿಲ್ರಿ!" ಎಂದು ಮಾವಶಿ ನಕ್ಕಳು. ನನಗೆ ನಗು ಬರಲಿಲ್ಲ. ತೂಕ ಇಳಿದು ಆ ವಾರದ ಕೀಮೋ ಮುಂದೆ ಹೋಗಿತ್ತು.

ಮರುದಿನ ನಾನು ಬಾಗಿಲಲ್ಲೇ ನಿಂತು, "ಮಲಗ್ಯಾಳ್ರಿ, ಇನ್ನೊಂದು ದಿನ ಬರ್ರಿ" ಎಂದೆ. ಒಳಗಿನಿಂದ ದನಿ ಬಂತು: "ಎಚ್ಚರ ಅದೇನಿ! ಒಳಗ ಬರ್ರಿ, ಕುಂದರ್ರಿ!"

ಅವರು ಹೋದ ಮೇಲೆ ಕೂಗಾಡಿದೆ. "ನೀ ಉಣ್ಣದ ಇದ್ರ ಡಾಕ್ಟರು ಔಷಧ ಯಾರಿಗೆ ಕೊಡಬೇಕು?"

"ನನ್ನ ನೋಡಾಕ ಬಸ್ ಹತ್ತಿ ಬಂದಾರ. ಅವರ ಮುಂದ ಬರೇ ರೋಗದಾಕಿ ಆಗಿ ಕುಂದರಲೇನು? ಮನಿಯಾಕಿ ಆಗಿ ಇರಾಕ ಬಿಡು ನನ್ನ" ಎಂದಳು. ನನ್ನ ಸಿಟ್ಟು ಹಾಗೇ ಉಳಿಯಿತು.

ಕಡೆಗೆ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂದು ದಿನ ಬಿಸಿಲಿರುವಾಗಲೇ ಗಂಜಿ ಒಯ್ದೆ. "ತಾ, ಇವತ್ತ ಹಸಿವಿ ಆಗೇತಿ" ಎಂದು ತಾನಾಗಿ ಎದ್ದು ಕೂತಳು. ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು! ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಂತೆ ಖಾನಾಪುರದ ನೆರೆಯವರು ಒಳಗೆ ಬಂದರು. ಮಾವಶಿ ಡಬ್ಬಿ ಬದಿಗೆ ಇಡಿಸಿ, ಅವರ ಎಮ್ಮೆ ಕರು ಹಾಕಿತೇ, ಮಗಳಿಗೆ ವರ ಸಿಕ್ಕನೇ ಎಂದು ವಿಚಾರಿಸತೊಡಗಿದಳು. ನಾನು ಡಬ್ಬಿ ಎತ್ತಿದೆ, ಇಟ್ಟೆ, ಕೆಮ್ಮಿದೆ. ಯಾರಿಗೂ ತಿಳಿಯಲಿಲ್ಲ. ಅವರು ಎದ್ದಾಗ ಹೊತ್ತು ಮುಳುಗಿತ್ತು.

ಥಟ್ಟನೆ ಕಿಟಕಿಯ ಪರದೆ ಎಳೆದು ದೀಪ ಹಾಕಿದೆ. "ಇನ್ನೂ ಹೊತ್ತೈತಿ ಮಾವಶಿ, ಉಣ್ಣು."

ಅವಳು ನನ್ನ ಮುಖ ನೋಡಿದಳು. "ಪಡದಾ ಸರಸು."

ನಾನು ಅಲ್ಲಾಡಲಿಲ್ಲ.

"ಇರಲಿ ಬಿಡು. ನಾ ಮುಂಜಾನಿ ಉಣ್ತೇನಿ. ಈಗ ನೀ ಉಣ್ಣು, ಓಡ್ಯಾಡಿ ಸೊರಗೀದಿ. ನನ್ನ ಮುಂದ ಕುಂತು ಉಣ್ಣು."

ಸಿಟ್ಟಿನಲ್ಲೇ ತಿಂದೆ. ಗಂಜಿ ಆರಿತ್ತು. ಅವಳು ನನ್ನನ್ನೇ ನೋಡುತ್ತ, "ಉಪ್ಪು ಬರೋಬರಿ ಆಗೇತೇನು?" ಎಂದು ಕೇಳಿದಳು. ಹೂಂ ಎಂದೆ.

ಮರುದಿನ ಹೊತ್ತು ಮೂಡುವುದನ್ನೇ ಕಾದು ಒಲೆಯ ಮೇಲೆ ಗಂಜಿಗಿಟ್ಟೆ. ಅದು ಕುದಿಯುವ ಮೊದಲೇ, ರಾತ್ರಿ ಅವಳ ಬಳಿ ಉಳಿದಿದ್ದ ಕಾಕಾನ ಫೋನು ಆಸ್ಪತ್ರೆಯಿಂದ ಬಂತು.