ಗಂಟುಮಾರಿಗೊಂದು ಶ್ರದ್ಧಾಂಜಲಿ

ಅವತ್ತು ಕಂಪ್ಲಿಯ ಶಾಲೆಯಲ್ಲಿ ನಮ್ಮ ಹತ್ತನೇ ಕ್ಲಾಸಿನವರೆಲ್ಲ ಸೇರುವವರಿದ್ದೆವು. ತೀರಿಹೋದ ಗೆಳತಿ ರೇಣುಕಾಳ ಶ್ರದ್ಧಾಂಜಲಿ ಫ್ಲೆಕ್ಸ್ ತರುವ ಕೆಲಸ ನನ್ನದು. ಅವಳೊಬ್ಬಳದೇ ಫೋಟೊ ಸಿಗದೆ, ನಾವಿಬ್ಬರೂ ಇದ್ದದ್ದನ್ನು ಹೊಸಪೇಟೆಯ ಅಂಗಡಿಗೆ ಕಳಿಸಿದ್ದೆ. ಅವತ್ತೊಂದು ದಿನ ಮಗುವನ್ನು ನೋಡಿಕೊಳ್ಳಲು ಗಂಡ ಒಪ್ಪದೆ, ಮುಖ ಗಂಟಿಕ್ಕಿಕೊಂಡೇ ಅದನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಫ್ಲೆಕ್ಸ್ ಬಿಚ್ಚಿ ನೋಡಿದರೆ, ಹೂವಿನ ಹಾರದ ನಡುವೆ ನಾನು!

"ಏನ್ರಿ, ನಾ ಸತ್ತೀನೇನು?"

ಅಂಗಡಿಯವನು ಫ್ಲೆಕ್ಸನ್ನೂ ನನ್ನನ್ನೂ ನೋಡಿದ. "ತಪ್ಪಾತ್ರಿ ಅಕ್ಕಾರ. ಒಬ್ರು ನಗತಿದ್ರು, ಒಬ್ರು ಮಾರಿ ಗಂಟು ಹಾಕ್ಕೊಂಡಿದ್ರು. ನಗೋರ್ನ ಹೆಂಗ ಸತ್ತಾರ ಅನ್ಲಿ?"

"ಮಾತು ಸಾಕು, ಜಲ್ದಿ ಬ್ಯಾರೆ ಮಾಡ್ರಿ. ಆಕಿ ಅವ್ವ ಮಗಳ ಮಾರಿ ನೋಡಾಕ ಬರ್ತಾಳ."

ಹೊಸದನ್ನು ತಂದು ಶಾಲೆಯಲ್ಲಿ ಕಟ್ಟಿದೆವು. ಇಷ್ಟು ಹಲ್ಲು ಬಿಟ್ಟ ಶ್ರದ್ಧಾಂಜಲಿ ನೋಡಿ ಆ ತಾಯಿ ಅತ್ತರೆ ಏನು ಗತಿ ಅಂತ ಎಲ್ಲರಿಗೂ ಭಯ. ರೇಣುಕಾಳ ಅವ್ವ ಹತ್ತಿರ ಹೋಗಿ ನೋಡಿ ಕೇಳಿದರು: "ಫೋಟೊದಾಗ ಇಕಿ ಬಾಜೂಕ ಯಾರಿದ್ರು?"

"ನಾನ ಬೇ."

"ಹಂಗಾದ್ರ ನಿನ್ನ ಚಿವುಟಿರಬೇಕು. ಯಾರನ್ನರ ಚಿವುಟಿದಾಗಷ್ಟ ಹಿಂಗ ನಗತಿತ್ತು ನನ್ನ ಕೂಸು!"

ಅವರೇ ಮೊದಲು ನಕ್ಕರು, ಆಮೇಲೆ ಇಡೀ ಶಾಲೆ. ಆ ಫೋಟೊದ ನನ್ನ ಗಂಟುಮಾರಿಗೆ ರೇಣುಕಾ ಕಾರಣ. ಈಗಿನದಕ್ಕೆ ನನ್ನ ಗಂಡ.