ಏಕಾಂತಯ್ಯನ ಸೀಸದ ಸಿಪಾಯಿಗಳು

ನಮ್ಮಣ್ಣ ಏಕಾಂತಯ್ಯ ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಆದರೂ ಜಯನಗರದ ನಮ್ಮ ಬೀದಿಯಲ್ಲಿ ಕುಡುಕ ಅನ್ನಿಸಿಕೊಂಡು ತಿರುಗಿದ. ಗೊತ್ತಿದ್ದೂ ತಿರುಗಿದ! ನಿಜ ಹೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು, ಹೇಳಲಿಲ್ಲ ಪುಣ್ಯಾತ್ಮ. ನಿಜ ಏನೆಂದರೆ, ಹಿತ್ತಿಲ ಕೋಣೆಯ ಬಾಗಿಲು ಹಾಕಿಕೊಂಡು ಅವನು ಕಿರುಬೆರಳುದ್ದದ ಸೀಸದ ಸಿಪಾಯಿಗಳಿಗೆ ಬಣ್ಣ ಹಚ್ಚುತ್ತಿದ್ದ. ನೆಪೋಲಿಯನ್ ಕಾಲದ ಫ್ರೆಂಚ್ ಸಿಪಾಯಿಗಳಿಗೆ. ಕುಡೀತಾನೆ ಅಂದರೆ ಹೇಗೋ ತಡೆದುಕೊಂಡಾನು, ಗೊಂಬೆ ಇಟ್ಟುಕೊಂಡು ಕೂರುತ್ತಾನೆ ಅಂದರೆ ಪ್ರಾಣವೇ ಹೋದೀತು, ಅಂಥ ನಾಚಿಕೆ ಅವನದು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ನಾಚಿಕೆಗೆ ಕಾರಣವಿತ್ತು ಅನ್ನಿ. ತುಮಕೂರಿನ ಕಡೆ ನಮ್ಮ ಊರಿನಲ್ಲಿ ಅಪ್ಪ ತೀರಿಕೊಂಡಾಗ ಅಣ್ಣನಿಗೆ ಹದಿನಾರು, ತಂಗಿ ನಾನು ಇನ್ನೂ ಅಂಬೆಗಾಲಿನ ಕೂಸು. ಅಂದಿನಿಂದ ಅವನೇ ಮನೆಯ ಯಜಮಾನ. ಊರಿನ ಹಿರಿಯರು ಅವನನ್ನು ಜಗಲಿಯ ಮೇಲೆ ಕೂರಿಸಿ ‘ಇನ್ನು ಆಟಗೀಟ ಎಲ್ಲ ಸಾಕು, ನೀನೇ ಅಪ್ಪ’ ಅಂದರಂತೆ. ಅವನು ಅದನ್ನು ಅಕ್ಷರಶಃ ನಂಬಿಬಿಟ್ಟ. ಬೆಂಗಳೂರಿಗೆ ಬಂದು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ, ಅಮ್ಮನನ್ನು ಕೊನೆವರೆಗೂ ನೋಡಿಕೊಂಡ, ನನ್ನನ್ನು ಓದಿಸಿದ, ಬಸವಲಿಂಗಮ್ಮನನ್ನು ಮದುವೆಯಾದ. ಅವರಿಗೆ ಮಕ್ಕಳಾಗಲಿಲ್ಲ. ಜಯನಗರದಲ್ಲಿ ಮನೆಗಳಿಗಿಂತ ಬಂಡೆಗಳೇ ಹೆಚ್ಚಿದ್ದ ಕಾಲದಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದ. ನಗು ಅನ್ನುವುದನ್ನು ಮಾತ್ರ ಮರೆತಿದ್ದ.

ಬೀದಿಯ ಹುಡುಗರಿಗೆ ಅವನೆಂದರೆ ಯಮ. ಯಾರಾದರೂ ಬುಗುರಿ ಆಡುತ್ತಿದ್ದರೆ ಕಿತ್ತುಕೊಂಡು ಹೆಂಚಿನ ಮೇಲೆ ಎಸೆಯುತ್ತಿದ್ದ. "ಓದೋ ವಯಸ್ಸಲ್ಲಿ ಇದೇನ್ರೋ ಮಂಗಾಟ? ನಾಚಿಕೆ ಆಗಲ್ವಾ?" ಎಂದು ಗದರುತ್ತಿದ್ದ. ತಾಯಂದಿರೆಲ್ಲ ‘ನೋಡ್ರೋ, ಏಕಾಂತಯ್ಯನೋರು ಬಂದ್ರು’ ಎಂದು ಹೆದರಿಸಿ ಮಕ್ಕಳಿಗೆ ಊಟ ಮಾಡಿಸುತ್ತಿದ್ದರು. ಇಂಥವನು ಗೊಂಬೆಗೆ ಕೋಟು ತೊಡಿಸುತ್ತಾನೆ ಎಂದರೆ ಯಾರು ನಂಬುತ್ತಾರೆ?

ಎಲ್ಲಕ್ಕೂ ಮೂಲ ಆ ಪುಸ್ತಕಗಳು. ಗಾಂಧಿಬಜಾರಿನ ಬಾಡಿಗೆ ಲೈಬ್ರರಿಯಿಂದ ಇಂಗ್ಲಿಷ್ ಕಾದಂಬರಿ ತರುತ್ತಿದ್ದ, ಒಂದೇ ಕಥೆ ಭಾಗದ ಮೇಲೆ ಭಾಗ. ನೆಪೋಲಿಯನ್ನನ ಕುದುರೆಪಡೆಯಲ್ಲಿ ಲಾಳ ಕಟ್ಟುವ ಒಬ್ಬ ಬಡವ ಸ್ಪೇನಿನಿಂದ ರಷ್ಯಾದ ಹಿಮದವರೆಗೆ ಸೈನ್ಯದ ಹಿಂದೆ ನಡೆಯುವ ಸಾಹಸದ ಕಥೆಯಂತೆ. ಸರ್ಕಾರಿ ಗೆಜೆಟ್ ಮಡಿಚಿ ಪುಸ್ತಕವನ್ನು ಅದರೊಳಗಿಟ್ಟುಕೊಂಡು ಓದುತ್ತಿದ್ದ. ಆಮೇಲೆ ಒಂದು ಸಲ ಬೀರು ಕೊಳ್ಳಲೆಂದು ಕಂಟೋನ್ಮೆಂಟಿಗೆ ಹೋದ. ಯಾರೋ ಮುದುಕಿ ದೊರೆಸಾನಿ ಊರು ಬಿಟ್ಟು ಹೋಗುವಾಗ ಮನೆಸಾಮಾನು ಹರಾಜಿಗಿಟ್ಟಿದ್ದರು. ಕೊಂಡು ತಂದ ಬೀರುವಿನ ಡ್ರಾಯರಿನಲ್ಲಿ ಬಣ್ಣ ಸವೆದ ಸೀಸದ ಸಿಪಾಯಿಗಳ ಪೆಟ್ಟಿಗೆಯೊಂದು ಉಳಿದುಕೊಂಡಿತ್ತು. ಅದನ್ನು ಹಿಂದಿರುಗಿಸಲು ಹೋದರೆ ಹರಾಜಿನವನು ‘ಕಸ, ಬಿಸಾಕಿ ಸಾರ್’ ಅಂದನಂತೆ. ಇವನ ಕೈಯಲ್ಲಿ ಬಿಸಾಕಲಾಗಲಿಲ್ಲ.

ಮುಂದಿನದನ್ನೆಲ್ಲ ಅವನು ನನಗೆ ಬಹಳ ವರ್ಷಗಳ ಮೇಲೆ ಹೇಳಿದ್ದು, ಅದೂ ಗೋಡೆ ನೋಡಿಕೊಂಡು. ಬೋರ್ಡು ಬರೆಯುವವನ ಹತ್ತಿರ ಡಬ್ಬಿಯ ತಳದಲ್ಲಿ ಉಳಿದ ಬಣ್ಣ ಕೇಳಿ ತರುತ್ತಿದ್ದ. ಹಳೆಯ ಬಣ್ಣ ತೆಗೆಯಲು ಪಾಲಿಶ್ ಮಾಡುವವರ ಸ್ಪಿರಿಟ್. ಅಂಗಡಿಯ ಕುಂಚ ದಪ್ಪವೆಂದು ತಾನೇ ಕುಂಚ ಕಟ್ಟಿಕೊಂಡ. ಯಡಿಯೂರಿನಿಂದ ಮುನಿಲಕ್ಷ್ಮಮ್ಮ ದಿನಾ ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಬಂದು ನಮ್ಮ ಹಿತ್ತಿಲಲ್ಲೇ ಹಾಲು ಕರೆದುಕೊಡುತ್ತಿದ್ದಳು. ಅವಳು ಆ ಕಡೆ ತಿರುಗಿದಾಗ ಇವನು ಕರುವಿನ ಕಿವಿಯ ಕೂದಲನ್ನು ಕತ್ತರಿಸಿಕೊಳ್ಳುತ್ತಿದ್ದ. ಎಂಥಾ ಕಳ್ಳ ನೋಡಿ! ಆ ಕೂದಲಿನಲ್ಲಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಚುಕ್ಕಿ ಇಟ್ಟ. ಚಿತ್ರವಿಲ್ಲದ ಪುಸ್ತಕ, ಎಲ್ಲಾ ಓದಿದ್ದರ ಮೇಲೆ ಅಂದಾಜು. ನೀಲಿ ಕೋಟು, ಬಿಳಿ ಪಟ್ಟಿ, ಕೆಂಪು ಕಾಲರು. ಮೈಬಣ್ಣ ಮಾತ್ರ ನಮ್ಮದೇ ಗೋಧಿ ಬಣ್ಣ. ಒಬ್ಬ ಸಿಪಾಯಿಯ ಟೋಪಿ ಮುರಿದುಹೋಗಿತ್ತು. ಅವನನ್ನು ಅರದಿಂದ ಉಜ್ಜಿ, ತಲೆಗೂದಲು ಬರೆದು, ಲಾಳ ಕಟ್ಟುವ ಕಥಾನಾಯಕ ಮಾಡಿದ. ಬರಿಹಣೆ ನೋಡಿ ಇವನ ಮನಸ್ಸು ಒಪ್ಪಲಿಲ್ಲ. ಯುದ್ಧಕ್ಕೆ ಹೋಗುವವನ ಹಣೆ ಬೋಳಾಗಿರಬಾರದು ಅನ್ನಿಸಿ ಮೂರು ಬೆರಳಿನ ವಿಭೂತಿ ಎಳೆದುಬಿಟ್ಟ.

ಮನೆಯಲ್ಲಿ ನಮಗೆ ಇದೊಂದೂ ಗೊತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಕೂಡಲೇ ‘ಆಫೀಸ್ ಕೆಲಸ ಇದೆ’ ಎಂದು ಒಳಗೆ ಹೋಗಿ ಅಗಳಿ ಹಾಕಿಕೊಂಡರೆ ಸಂಜೆ ಲಿಂಗಪೂಜೆಯ ಹೊತ್ತಿಗೆ ಹೊರಗೆ. ಕಣ್ಣು ಕೆಂಪು, ಮಾತಿಲ್ಲ. ಬಂದವನೇ ಬಾಗಿಲಿಗೆ ಬೀಗ. ಬೀಗದಕೈ ಉಡುದಾರದಲ್ಲಿ.

ಮೊದಲು ಬಾಯಿಬಿಟ್ಟವಳು ಮುನಿಲಕ್ಷ್ಮಮ್ಮ. "ಅವ್ವಯ್ಯಾ, ನಿಮ್ ಯಜಮಾನ್ರ ರೂಮಿಂದ ಇಸ್ಪಿರಿಟ್ ವಾಸ್ನೆ ಹೊಡೀತದೆ ಕಣಮ್ಮೋ. ನಮ್ಮೂರಾಗೆ ಅದ್ನ ಕುಡ್ದು ಕಣ್ಣು ಕಳ್ಕೊಂಡವ್ರನ್ನ ನೋಡಿವ್ನಿ ನಾನು" ಎಂದು ಅತ್ತಿಗೆಯ ಕೈ ಹಿಡಿದುಕೊಂಡು ಹೇಳಿದಳು. ಅತ್ತಿಗೆ ಬಸವಲಿಂಗಮ್ಮ ಬಾಯಿಸತ್ತ ಹೆಂಗಸು. ಹಾಲಿನ ಪಾತ್ರೆ ಒಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅಷ್ಟೆ. ನಾನೂ ನಂಬಿದೆ. ಕರೆದ ಹಾಲು ಹತ್ತು ಮನೆಗೆ ಹೋಗುವಾಗ ಮಾತೂ ಹತ್ತು ಮನೆಗೆ ಹೋಯಿತು. ವಿಚಿತ್ರ ಕೇಳಿ, ಬೀದಿಯಲ್ಲಿ ಯಾರೂ ಅವನನ್ನು ಹೀಯಾಳಿಸಲಿಲ್ಲ. ‘ಪಾಪ, ಮಕ್ಕಳಿಲ್ಲ, ಏನು ಕೊರಗೋ’ ಎಂದು ದನಿ ತಗ್ಗಿಸಿದರು. ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟರು. ಅಣ್ಣನ ಕಿವಿಗೂ ಬಿತ್ತು. ಅವನಿಗೆ ನೆಮ್ಮದಿಯೇ ಆಯಿತಂತೆ!

ಅಷ್ಟರಲ್ಲಿ ನನಗೆ ಸಂಬಂಧ ಕುದುರುವ ಹಾಗಾಯಿತು. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿ ಸೋಮಲಿಂಗಪ್ಪನವರ ಮಗ ಗೌರೀಶಂಕರ, ಬ್ಯಾಂಕಿನಲ್ಲಿ ಕೆಲಸ. ಹೆಣ್ಣು ನೋಡಲು ಬಂದಾಗ ಸಂಕೋಚವಿಲ್ಲದೆ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡ. ಅಷ್ಟಕ್ಕೇ ನಾನು ಮನಸ್ಸು ಕೊಟ್ಟುಬಿಟ್ಟಿದ್ದೆ. ಇದಕ್ಕೆ ಮುಂಚೆ ಬಂದ ಗಂಡುಗಳೆಲ್ಲ ಒಂದೊಂದು ನೆಪ ಹೇಳಿ ಹೋಗಿದ್ದರು. ಇದು ತಪ್ಪಿದರೆ ಇನ್ನಿಲ್ಲ ಎಂದು ನನಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು.

ಗಂಡಿನ ಕಡೆಯವರು ಸುಮ್ಮನೆ ಇರುತ್ತಾರೆಯೇ? ಹೆಣ್ಣಿನ ಮನೆಯ ಆಚೆಈಚೆ ವಿಚಾರಿಸದೆ ವೀಳ್ಯ ಬದಲಾಯಿಸುವುದುಂಟೆ? ವಿಚಾರಿಸಿದರು. ಒಂದು ಬೆಳಿಗ್ಗೆ ಸೋಮಲಿಂಗಪ್ಪನವರು, ಅವರ ಹೆಂಡತಿ, ತಮ್ಮ, ಎಲ್ಲರೂ ಬಂದು ನಡುಮನೆಯ ಚಾಪೆಯ ಮೇಲೆ ಕೂತರು. ನಾನು ಅಡುಗೆಮನೆಯ ಬಾಗಿಲ ಹಿಂದೆ.

"ತಪ್ಪು ತಿಳ್ಕೋಬೇಡಿ ಏಕಾಂತಯ್ಯನೋರೆ," ಎಂದರು ಸೋಮಲಿಂಗಪ್ಪ. "ಹೆಣ್ಣು ನಮಗೆ ಒಪ್ಪಿಗೆ. ಒಂದೇ ಮಾತು ಉಳಿದಿದೆ. ನೀವು ಕುಡೀತೀರಂತೆ, ಹೌದಾ?"

ಅಣ್ಣ ನೆಲ ನೋಡಿದ. ಇಲ್ಲ ಅನ್ನುತ್ತಾನೆ ಎಂದು ನಾನು ಕಾದೆ. ಇಲ್ಲ ಅಂದರೆ ಕೋಣೆ ತೋರಿಸಿ ಅಂದಾರು ಎಂಬ ಭಯ ಅವನಿಗೆ.

"ಹೌದು" ಅಂದ. "ಯಾವಾಗಲಾದ್ರೂ ಒಂದ್ಸಲ."

ಅತ್ತಿಗೆ ನನ್ನ ಪಕ್ಕದಲ್ಲೇ ನೆಲಕ್ಕೆ ಕುಸಿದಳು. ಸೋಮಲಿಂಗಪ್ಪನವರು ಮಾತ್ರ ದೊಡ್ಡ ಮನುಷ್ಯರು, ಎದ್ದು ಹೋಗಲಿಲ್ಲ. "ಒಪ್ಕೊಂಡ್ರಲ್ಲ, ಅದೇ ದೊಡ್ಡದು. ಇಷ್ಟಲಿಂಗ ಕೈಲಿಟ್ಕೊಂಡು ಒಂದು ಮಾತು ಹೇಳಿಬಿಡಿ. ಕುಡೀತಿದ್ದೆ, ಇವತ್ತಿಗೆ ಬಿಟ್ಟೆ ಅಂತ. ಇಲ್ಲೇ ಈಗಲೇ ವೀಳ್ಯ ಬದಲಾಯಿಸ್ಕೊಳ್ಳೋಣ."

ಅಣ್ಣ ಎದೆಯ ಮೇಲಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡ. ನಮ್ಮಲ್ಲಿ ಹುಟ್ಟಿದ ಮಗುವಿಗೆ ಕಟ್ಟುವ ಲಿಂಗ ಅದು, ಪೂಜೆಯ ಹೊತ್ತು ಬಿಟ್ಟರೆ ಸಾಯುವವರೆಗೂ ಮೈಮೇಲಿಂದ ತೆಗೆಯುವಂತಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದು ಸುಳ್ಳು ಹೇಳಿದವರನ್ನು ನಾನು ಕಂಡಿಲ್ಲ. ಅವನ ತುಟಿ ಅಲ್ಲಾಡಿತು. ಕುಡಿಯುತ್ತಿದ್ದೆ ಎಂದು ಮನುಷ್ಯರಿಗೆ ಹೇಳಿದ್ದಾಯಿತು, ಶಿವನಿಗೆ ಹೇಗೆ ಹೇಳುವುದು?

ಲಿಂಗವನ್ನು ಕಣ್ಣಿಗೊತ್ತಿಕೊಂಡು ಮತ್ತೆ ಕರಡಿಗೆಯಲ್ಲಿಟ್ಟ. "ಆ ಮಾತು ನನ್ ಕೈಲಿ ಹೇಳೋಕಾಗಲ್ಲ" ಅಂದ.

ಬಿಡಲಾರದ ಕುಡುಕ ಎಂದೇ ಅರ್ಥವಾಯಿತು ಅವರಿಗೆ. ಮತ್ತಿನ್ನೇನು ಅರ್ಥವಾಗಬೇಕು ಹೇಳಿ? ಸೋಮಲಿಂಗಪ್ಪನವರು ಶಾಲು ಹೊದ್ದು ಎದ್ದರು. ನಾನು ಬಾಗಿಲ ಚೌಕಟ್ಟು ಕಚ್ಚಿಕೊಂಡು ನಿಂತಿದ್ದೆ. ಅಷ್ಟೂ ವರ್ಷ ಬಾಯಿ ಬಿಡದ ಅತ್ತಿಗೆ ಆಗ ಎದ್ದಳು. ಮೂಲೆಯಲ್ಲಿದ್ದ ಕಾಯಿ ಸುಲಿಯುವ ಹಾರೆ ಎತ್ತಿಕೊಂಡು ನಡುಮನೆ ದಾಟಿದಳು. "ನಿಲ್ಲಿ ನೀವು. ಒಳಗಿರೋ ಬಾಟಲು ಒಂದೂ ಬಿಡದ ಹಾಗೆ ನಿಮ್ಮೆದುರಿಗೇ ಒಡೆದುಹಾಕ್ತೀನಿ!"

"ಬೇಡ ಕಣೇ, ಬೇಡ ಕಣೇ" ಎಂದು ಅಣ್ಣ ಹಿಂದೆ ಓಡಿದ. ಅಷ್ಟರಲ್ಲಿ ಬೀಗ ಕಿತ್ತುಬಂತು.

ಎಲ್ಲರೂ ಹೋಗಿ ಇಣುಕಿದೆವು. ಹಲಗೆಯ ಮೇಲೆ ನೀಲಿ ಕೋಟಿನ ಸಿಪಾಯಿಗಳು ಸಾಲಾಗಿ ನಿಂತಿದ್ದರು. ಮುಂದೆ ಕುದುರೆ ಸವಾರರು, ಪಕ್ಕದಲ್ಲಿ ಒಬ್ಬ ತಮಟೆಯವನು. ಒಂದು ಶೀಶೆ ಸ್ಪಿರಿಟ್, ಹತ್ತಿ, ಬಣ್ಣದ ಬಟ್ಟಲುಗಳು. ಎಷ್ಟು ಚೆನ್ನಾಗಿತ್ತು ಅಂತೀರಿ! ಒಬ್ಬೊಬ್ಬನ ಮುಖವೂ ಬೇರೆ, ಮೀಸೆಯೂ ಬೇರೆ. ಅತ್ತಿಗೆಯ ಕೈಯಿಂದ ಹಾರೆ ಜಾರಿ ಬಿತ್ತು. ಅಣ್ಣ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಅವನ ಕತ್ತು, ಕಿವಿ ಎಲ್ಲ ಕೆಂಪಗಾಗಿದ್ದವು.

ಸೋಮಲಿಂಗಪ್ಪನವರು ಬರಿತಲೆಯ ಸಿಪಾಯಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಹಣೆಯ ವಿಭೂತಿ ಕಂಡಿತು. ಶುರುವಾಯಿತು ನೋಡಿ ನಗು! ಪೇಟ ಕಳಚಿ ಬೀಳುವ ಹಾಗೆ ನಕ್ಕರು. "ಇದಕ್ಕಾ ಕುಡೀತೀನಿ ಅಂದ್ರಿ? ಅಯ್ಯೋ ಶಿವನೇ! ನೆಪೋಲಿಯನ್ನನ ದಂಡಿಗೂ ಲಿಂಗದೀಕ್ಷೆ ಕೊಟ್ಬಿಟ್ರಲ್ರೀ!" ಹೆಂಡತಿ ನಕ್ಕರು, ತಮ್ಮ ನಕ್ಕ. ವೀಳ್ಯ ಬದಲಾಯಿಸಿದ್ದಾಯಿತು. ಹೊರಡುವಾಗ "ಇವನೊಬ್ಬನ್ನ ತಗೊಂಡ್ಹೋಗ್ತೀನಿ, ಮನೇಲಿ ತೋರಿಸ್ಬೇಕು" ಎಂದು ಆ ಸಿಪಾಯಿಯನ್ನು ಜೇಬಿಗೆ ಹಾಕಿಕೊಂಡರು. ಬೀಗರು ಕೇಳಿದ್ದನ್ನು ಹೆಣ್ಣಿನ ಕಡೆಯವರು ಇಲ್ಲ ಅನ್ನುವುದುಂಟೆ? ಅಣ್ಣ ತಲೆಯಾಡಿಸಿದ.

ಮಾರನೆಯ ದಿನ ಉಳಿದವರನ್ನೆಲ್ಲ ಒಂದು ಬಾಣಲೆಗೆ ಸುರಿದು ನೀರೊಲೆಯ ಮೇಲಿಟ್ಟ. "ಇರ್ಲಿ ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ, ನಾನು ದಿನಾ ಧೂಳು ಒರೆಸ್ತೀನಿ" ಎಂದು ಅತ್ತಿಗೆ ಗೋಗರೆದಳು. ಅವನು ಸೌದೆ ತುರುಕುತ್ತಲೇ ಇದ್ದ. ಬಣ್ಣ ಸುಟ್ಟ ಕಮಟು ವಾಸನೆ ಬೀದಿಗೆಲ್ಲ ಹಬ್ಬಿತು.

ಆಮೇಲೆ ಅವನಿಗೆ ಗೊಂಬೆ ಏಕಾಂತಯ್ಯ ಎಂದು ಹೆಸರಾಯಿತು. ಬಸ್ಸಿನಲ್ಲಿ ಜಾಗ ಬಿಡುತ್ತಿದ್ದವರು ಬಾಯಿಗೆ ಟವಲು ಅಡ್ಡ ಹಿಡಿದುಕೊಂಡು ನಕ್ಕರು. ಬುಗುರಿ ಕಳೆದುಕೊಂಡ ಹುಡುಗರು ಅವನು ಬರುವಾಗ ‘ಲೆಫ್ಟ್ ರೈಟ್, ಲೆಫ್ಟ್ ರೈಟ್’ ಎಂದು ಕವಾಯತು ಮಾಡಿದರು. ಹಾಳಾದವರು, ಒಬ್ಬರಾದರೂ ‘ಎಷ್ಟು ಚೆಂದ ಮಾಡಿದ್ರಂತೆ’ ಅಂದರೆ ಕೇಳಿ.

ಮದುವೆಯ ದಿನ ಬೀಗರ ಹಾಡು ಇರಲೇಬೇಕಲ್ಲ. ಧಾರೆಗೆ ಮುಂಚೆ ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಕಡೆಯವರನ್ನು ಲೇವಡಿ ಮಾಡಿ ಹಾಡುತ್ತಾರೆ, ಹಾಡಿಸಿಕೊಂಡವರು ನಗುನಗುತ್ತಾ ಎಲೆಅಡಿಕೆ ಕೊಡಬೇಕು. ನಮ್ಮತ್ತೆಯ ಕಡೆಯವರು ಚಪ್ಪಾಳೆ ತಟ್ಟಿ ಶುರುಮಾಡಿದರು:

ಮೀಸೆ ಬಂದ ಕೂಸಿಗೆ ಆಡಲು ಸಿಪಾಯಿ
ತೊಟ್ಟಿಲು ತನ್ನಿರೇ, ತೂಗೋಣ ಬನ್ನಿರೇ
ಬಾಗಿಲ ಹಾಕಿ ಆಡ್ತಾನಂತೆ ನಮ್ಮ ಬೀಗ
ಹಾಲು ಕುಡಿಸಿರೇ, ಹಾಸಿಗೆ ಹಾಸಿರೇ

ಛತ್ರವೆಲ್ಲ ನಗು. ಅಣ್ಣ ಎಲ್ಲರ ನಡುವೆ ತಟ್ಟೆ ಹಿಡಿದು ನಿಂತು ನಗಲು ನೋಡುತ್ತಿದ್ದ, ಮುಖ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಬಾಸಿಂಗ ಕಟ್ಟಿಕೊಂಡ ಮದುವಣಗಿತ್ತಿ ಹಸೆಮಣೆಯಿಂದ ಎದ್ದು ನಿಂತೆ. "ಸಾಕು ನಿಲ್ಲಿಸ್ರೀ! ನಿಮ್ಮಲ್ಲಿ ಯಾರಾದ್ರೂ ಅಂಥ ಒಂದು ಕಣ್ಣು ಬರೀರಿ ನೋಡೋಣ, ಆಮೇಲೆ ಹಾಡುವಿರಂತೆ!" ಎಂದು ಕಿರುಚಿದೆ.

ಹಾಡು ನಿಂತಿತು. ಅಣ್ಣ ಓಡಿಬಂದು ನನ್ನ ಭುಜ ಅದುಮಿ ಕೂರಿಸಿದ. ಆಮೇಲೆ ಹಾಡಿದವರೆಲ್ಲರ ಹತ್ತಿರ ಹೋಗಿ ಕೈಮುಗಿದು ವೀಳ್ಯ ಕೊಟ್ಟ, ತಂಗಿಯದು ತಪ್ಪಾಯಿತು ಎಂದ. ತಿರುಗಿ ಬಂದು ಜಾರಿದ ನನ್ನ ಬಾಸಿಂಗ ಸರಿಮಾಡುತ್ತಾ ಕೂತ.

"ಯಾಕಣ್ಣ ಸುಮ್ನೆ ನಿಂತಿದ್ದೆ?" ಎಂದೆ.

"ಕುಡುಕ ಅಂತಲೇ ಇದ್ದಿದ್ರೆ ಯಾರೂ ನನ್ಮೇಲೆ ಹಾಡು ಕಟ್ತಿರಲಿಲ್ಲ ಕಣೇ ಗಿರಿಜಾ," ಎಂದ ಮೆಲ್ಲಗೆ. "ನಿನ್ ಮದುವೆ ನಿಂತುಹೋಗ್ತಿತ್ತು, ಅಷ್ಟೇ."

‘ಅಷ್ಟೇ’ ಅಂದ ಮಾತು ಅವನ ಕಿವಿಗೇ ಬಿತ್ತು. ಬಾಸಿಂಗದ ದಾರ ಹಿಡಿದಿದ್ದ ಕೈ ಹಾಗೇ ನಿಂತಿತು. ಗೌರೀಶಂಕರ ತಾಳಿ ಕಟ್ಟುವವರೆಗೂ ಅಣ್ಣ ನನ್ನ ಮುಖ ನೋಡಲಿಲ್ಲ.